ಆ ಒಂದು ತಾಸಿನ ಅಪರಾಧಿಗಳು

ರಾಮಚಂದ್ರಾಪುರ, ಹೈದರಾಬಾದ್
೨೯ ಜೂನ್ ೨೦೨೫, ರವಿವಾರ

ಬಸವಕಿರಣನ ಅವ್ವನಿಗೆ,

ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮ. ನೀನು ಹುಮನಾಬಾದಿನ ತವರಿನಲ್ಲಿ ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ನಿನ್ನ ತಮ್ಮ ಶಿವಾನಂದ ದಿನಾ ಸಂಜೆ ನಮ್ಮ ಕಿರಣನಿಗೆ ಫೋನ್ ಮಾಡಿ, ನೀನು ಎಷ್ಟು ರೊಟ್ಟಿ ಉಂಡೆ ಎಂಬುದರವರೆಗೆ ವರದಿ ಒಪ್ಪಿಸುತ್ತಾನೆ. ನಿನ್ನೆ ಎರಡೂವರೆಯಂತೆ. ಇಲ್ಲಿದ್ದಾಗ ಒಂದರ ಮೇಲೆ ಇನ್ನೊಂದಕ್ಕೆ ಕೈ ಚಾಚುತ್ತಿರಲಿಲ್ಲ ನೀನು.

ಪತ್ರ ತಡವಾಯಿತು, ತಪ್ಪು ತಿಳಿಯಬೇಡ. ನೀನು ಹೋಗಿ ಹದಿನೈದು ದಿನವಾಯಿತು, ಅದರಲ್ಲಿ ಆರು ದಿನ ಈ ಪತ್ರಕ್ಕೇ ಹಿಡಿಯಿತು. ಬಲಗೈ ಇನ್ನೂ ಪೂರ್ತಿ ನನ್ನ ಮಾತು ಕೇಳುವುದಿಲ್ಲ. ಒಂದು ಸಾಲು ಶುರು ಮಾಡಿದರೆ ಅದು ಮೆಲ್ಲಗೆ ಇಳಿಯುತ್ತ ಹೋಗಿ ಪುಟದ ಕೆಳಗೆ ಮುಟ್ಟುತ್ತದೆ. ವ್ಯಾಯಾಮ ಮಾಡಿಸಲು ಬರುವ ಉದಗೀರದ ಅಮೋಲ್ ಇದ್ದಾರಲ್ಲ, ಅವರೇ ಈ ಉಪಾಯ ಹೇಳಿದ್ದು. "ಕಾಕಾ, ರಬ್ಬರ್ ಚೆಂಡು ಹಿಚುಕಿದ್ರ ಸಾಲಂಗಿಲ್ಲ, ದಿನಾ ಒಂದು ಪುಟ ಬರೀರಿ" ಅಂದರು. ಏನು ಬರೆಯಲಿ ಎಂದೆ. "ಯಾರಿಗರೆ ಕಾಗದ ಬರೀರಿ. ಬರಿಯಾಕ ಯಾರೂ ಇಲ್ಲೇನು?" ಅಂದರು. ಇದ್ದಾಳೆ ಎಂದೆ.

ಫೋನಿನಲ್ಲಿ ಮುಗಿಸಬಹುದಾದ ಮಾತಿಗೆ ಇಷ್ಟು ಒದ್ದಾಟ ಏಕೆ ಎಂದು ನೀನು ಕೇಳಬಾರದು. ನನ್ನ ಫೋನನ್ನು ನೀನು ಎತ್ತುವುದಿಲ್ಲ. ಕಿರಣನಿಗೆ ನೀನು ಹೇಳಿದ್ದನ್ನು ಅವನು ನನಗೆ ಹಾಗೆಯೇ ಒಪ್ಪಿಸಿದ. "ಅವರ ದನಿ ಕೇಳಿದ್ರ ನನಗ ಮಾತು ಬರ್ತಾವು, ನನ್ನ ಮಾತು ಕೇಳಿದ್ರ ಅವರಿಗೆ ಬಿಪಿ ಏರ್ತೈತಿ. ಫೋನ್ ಬ್ಯಾಡಪ್ಪ." ಸರಿ, ಕಾಗದಕ್ಕೆ ದನಿ ಇಲ್ಲ. ನೀನು ಅಲ್ಲಿ ಕೂತು ಎಷ್ಟು ಬೈದರೂ ನನಗೆ ಕೇಳಿಸುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸೀರೆ ಮಡಿಚಿ ಚೀಲಕ್ಕೆ ತುಂಬುವಾಗ ನೀನು ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿದೆ. "ಡಾಕ್ಟರ್ ಕಾಗದದಾಗ ಬರದಾರ. ನಾ ಎದುರಿಗಿದ್ರ ನಿಮಗ ಸಿಟ್ಟು ಬರ್ತೈತಿ, ಸಿಟ್ಟು ಬಂದ್ರ ಮತ್ತ ತಲ್ಯಾಗ ನರ ಒಡೀತೈತಿ. ನಿಮ್ಮನ್ನ ಕೊಂದ ಪಾಪ ನನಗ ಬ್ಯಾಡ." ಈ ಮಾತು ತಪ್ಪು ಎಂದು ಸಾಬೀತು ಮಾಡಿ ನಿನ್ನನ್ನು ಮನೆಗೆ ಕರೆಸಿಕೊಳ್ಳುವುದು ಈ ಪತ್ರದ ಉದ್ದೇಶ.

ಜೂನ್ ಒಂದರ ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ನನಗೆ ಲಕ್ವ ಹೊಡೆದದ್ದು ಪುಂಡಿ ಪಲ್ಯದ ಮುಂದೆ ಎನ್ನುವುದು ನಿಜ. ಎದುರು ಮನೆಯ ತೆಲುಗಿನವರ ಗೋಂಗೂರ ಪಚ್ಚಡಿಯ ರುಚಿ ನಿನ್ನ ಪುಂಡಿ ಪಲ್ಯಕ್ಕಿಲ್ಲ ಎಂದು ನಾನು ಅಂದದ್ದೂ ನಿಜ. "ಎರಡೂ ಒಂದ ಸೊಪ್ಪು" ಅಂದೆ ನೀನು. "ಸೊಪ್ಪು ಒಂದ, ಕೈ ಬ್ಯಾರೆ" ಅಂದೆ ನಾನು. "ಹಂಗಿದ್ರ ಆ ಕೈಯಾಗ ಹೋಗಿ ಉಣ್ರಿ" ಎಂದು ನೀನು ಅಡುಗೆಮನೆಯಿಂದ ಹೊರಗೆ ಬಂದೆ. ನಾನು ಕೂಗಾಡಿದೆ. ಕೂಗುತ್ತಿರುವಾಗಲೇ ಕೈಯಿಂದ ರೊಟ್ಟಿ ಬಿತ್ತು, ಬಾಯಿ ಒಂದು ಕಡೆ ಸೊಟ್ಟಗಾಯಿತು. ಆದರೆ ಈ ಜಗಳವನ್ನು ನಾವು ಪುಂಡಿ ಸೊಪ್ಪು ಸಿಗುವ ಪ್ರತಿ ತಿಂಗಳೂ ಆಡುತ್ತ ಬಂದಿದ್ದೇವೆ. ಮೂವತ್ತೆಂಟು ವರ್ಷದಲ್ಲಿ ಯಾವ ನರವೂ ಒಡೆದಿರಲಿಲ್ಲ.

ಆಸ್ಪತ್ರೆಯ ಎರಡನೇ ದಿನ ಆ ಡಾಕ್ಟರಮ್ಮ ಕಾಗದ ಹಿಡಿದು ಬಂದಾಗ ನನ್ನ ನಾಲಿಗೆ ಬಾಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಲಕ್ವ ಹೊಡೆಯುವುದಕ್ಕೆ ಮುಂಚಿನ ಒಂದು ತಾಸಿನಲ್ಲಿ ರೋಗಿ ಏನೇನು ಮಾಡಿದ ಎಂದು ಅವರು ಯಾವುದೋ ಅಧ್ಯಯನಕ್ಕಾಗಿ ಎಲ್ಲರನ್ನೂ ಕೇಳಿ ಬರೆದುಕೊಳ್ಳುತ್ತಾರಂತೆ. ನನ್ನ ಪರವಾಗಿ ಉತ್ತರ ಕೊಟ್ಟವಳು ನೀನು. ಆ ಬೆಳಿಗ್ಗೆ ನೀನು ಅಡುಗೆಮನೆ ಬಿಟ್ಟು ಹೊರಗೆ ಬಂದದ್ದು ಜಗಳಕ್ಕೆ ಮಾತ್ರ, ಆದ್ದರಿಂದ ನಿನಗೆ ಗೊತ್ತಿದ್ದದ್ದೂ ಜಗಳ ಮಾತ್ರ. ಅವರು 'ಸಿಟ್ಟು' ಎಂಬ ಕಡೆ ಒಂದು ಗುರುತು ಹಾಕಿ ಉಳಿದದ್ದನ್ನೆಲ್ಲ ಖಾಲಿ ಬಿಟ್ಟರು. ಹೀಗೆ ನೀನೇ ಸಾಕ್ಷಿ, ನೀನೇ ಅಪರಾಧಿ, ಕಡೆಗೆ ನೀನೇ ನ್ಯಾಯಾಧೀಶಳಾಗಿ ನಿನಗೆ ನೀನೇ ಗಡೀಪಾರು ಶಿಕ್ಷೆ ವಿಧಿಸಿಕೊಂಡು ಹುಮನಾಬಾದಿಗೆ ಹೋದೆ.

ಕಳೆದ ಸೋಮವಾರ ತಪಾಸಣೆಗೆ ಹೋದಾಗ ನಾನು ಆ ಕಾಗದವನ್ನು ಮತ್ತೆ ತೆಗೆಸಿದೆ. "ಅದು ಮುಗಿದು ಹೋಯಿತಲ್ಲ ಅಂಕುಲ್‌ಗಾರು" ಎಂದು ಡಾಕ್ಟರಮ್ಮ ತೆಲುಗಿನಲ್ಲಿ ಅಂದರು. ಪಟಾನ್‌ಚೆರುವಿನ ಔಷಧ ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತೊಂದು ವರ್ಷ ದುಡಿದಿದ್ದೇನೆ, ಅರ್ಧ ತುಂಬಿದ ಕಾಗದವನ್ನು ಒಂದು ದಿನವೂ ಮುಂದೆ ಹೋಗಲು ಬಿಟ್ಟವನಲ್ಲ ಎಂದೆ. ಅವರು ನಕ್ಕು ಪೆನ್ನು ತೆಗೆದರು. ಕೋಣೆಯಲ್ಲಿ ಕಿರಣ, ಸೊಸೆ ಶೀತಲ, ಮೊಮ್ಮಗಳು ಪಿಂಕಿ ಮೂವರೂ ಇದ್ದರು. ಕೆಳಗಿನ ಮನೆಯ ಮಲ್ಲಣ್ಣನೂ ಇದ್ದ, ತನ್ನ ಕಾರಿನಲ್ಲಿ ಕರೆದುಕೊಂಡು ಬಂದವನು ತಾನು ಎಂಬ ಹಕ್ಕಿನ ಮೇಲೆ.

ಮೊದಲ ಪ್ರಶ್ನೆ, ಕಾಫಿ ಕುಡಿದಿದ್ದಿರಾ. ನಾನು ಬಾಯಿ ತೆರೆಯುವ ಮುಂಚೆ ಮಲ್ಲಣ್ಣ ಎದ್ದು ನಿಂತ. "ನಾ ಕುಡಿಸಿದ್ದೆ ಡಾಕ್ಟರಮ್ಮ. ಒಂದಲ್ಲ, ಎರಡು. ಸ್ಟ್ರಾಂಗ್. ಮನ್ಯಾಗ ಹೇಳಬ್ಯಾಡ ಅಂದಿದ್ದ ಇವ" ಎಂದು ಕೈ ಮುಗಿದ. ಬೆಳಗಿನ ವಾಕಿಂಗ್ ಎಂದು ನಾನು ಹೋಗುತ್ತಿದ್ದದ್ದು ಮೂಲೆಯ ಟಿಫಿನ್ ಸೆಂಟರಿಗೆ ಎಂಬುದು ಈಗ ನಿನಗೂ ಗೊತ್ತಾಯಿತು. ಇರಲಿ.

ಎರಡನೆಯದು, ಭಾರ ಎತ್ತಿದ್ದಿರಾ. ಲಿಫ್ಟ್ ಶನಿವಾರದಿಂದ ಕೆಟ್ಟಿತ್ತಲ್ಲ, ನೀರಿನ ಕ್ಯಾನನ್ನು ಮೂರು ಮಹಡಿ ನಾನೇ ಹೊತ್ತು ತಂದಿದ್ದೆ. ಕಿರಣ ಶಂಶಾಬಾದ್ ಏರ್‌ಪೋರ್ಟಿನ ಕಾರ್ಗೋದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ. ಊರವರ ಸಾಮಾನೆಲ್ಲ ವಿಮಾನಕ್ಕೆ ಏರಿಸುವವನು, ಅಪ್ಪ ಒಂದು ಕ್ಯಾನು ಹೊತ್ತದ್ದು ಕೇಳಿ ಅವನ ಕಣ್ಣಲ್ಲಿ ನೀರು ಬಂತು. "ನನ್ನ ಎಬ್ಬಸಬೇಕಿತ್ತಲ್ರೀ ಅಪ್ಪಾ. ನಾ ಮಕ್ಕೊಂಡಿದ್ದಕ್ಕ ಹಿಂಗಾತು" ಅಂದ. ಅವನಿಗೂ ಗುಟ್ಟಾಗಿ ಇದೇ ಚಿಂತೆ ಇತ್ತಂತೆ.

ಮೂರನೇ ಪ್ರಶ್ನೆಗೆ ಡಾಕ್ಟರಮ್ಮ ದನಿ ತಗ್ಗಿಸಿ ತೆಲುಗಿನಲ್ಲಿ ಕೇಳಿದರು. ಸೊಸೆ ಪಕ್ಕದಲ್ಲೇ ಇದ್ದಳು, ತೆಲುಗು ಬರದವನಂತೆ ಕೂತೆ. ಹಿಂದಿಯಲ್ಲಿ ಕೇಳಿದರು. ಹಿಂದಿಯೂ ಬರದವನಂತೆ ಕೂತೆ. ಮಲ್ಲಣ್ಣ ನನಗೆ ಉಪಕಾರ ಮಾಡುವವನಂತೆ ಹೊರಗಿನ ಕಾರಿಡಾರಿಗೂ ಕೇಳುವ ಹಾಗೆ, "ಸಂಡಾಸದಾಗ ಭಾಳ ತಿಣುಕಿದ್ದೇನು ಅಂತ ಕೇಳಾಕತ್ತಾರಪಾ" ಎಂದು ಕೂಗಿದ. ನಾನು ಉತ್ತರ ಕೊಡುವ ಕಷ್ಟವೂ ಬರಲಿಲ್ಲ. "ಮುತ್ಯಾ ಒಳಗ ಇಪ್ಪತ್ತು ಮಿನಿಟ್ ಇದ್ದ. ನಾ ಹೊರಗ ನಿಂತಿದ್ದೆ, ನನಗ ಅರ್ಜೆಂಟ್ ಇತ್ತು" ಎಂದು ಪಿಂಕಿ ಸಾಕ್ಷಿ ಹೇಳಿದಳು. ಡಾಕ್ಟರಮ್ಮ ತಲೆ ಎತ್ತದೆ ಗುರುತು ಹಾಕಿದರು. ಈಗ ದಿನಾ ಮಲಗುವ ಮುಂಚೆ ಇಸಬ್‌ಗೋಲ್ ಕುಡಿಸುತ್ತಾರೆ.

ಆಮೇಲೆ ಸೀನು. ಸತತವಾಗಿ ಸೀನಿದ್ದಿರಾ ಎಂದು ಕೇಳಿದ ಕೂಡಲೇ ಶೀತಲ ಅಳುವುದಕ್ಕೆ ಶುರು ಮಾಡಿದಳು. ಅವಳು ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ದಳಂತೆ, ಅಡುಗೆಮನೆಯ ಫ್ಯಾನ್ ಬಂದ್ ಇತ್ತಂತೆ, ನಾನು ಹನ್ನೊಂದು ಸಲ ಸೀನಿದೆನಂತೆ. ಎಣಿಸಿದ್ದಾಳೆ. "ಫ್ಯಾನ್ ಯಾಕ ಹಾಕಿರಲಿಲ್ಲ?" ಎಂದು ಕಿರಣ ಕೇಳಿದ. ಅವಳು ಮೂಗು ಒರೆಸಿಕೊಂಡು, "ಅದರ ಸಪ್ಪಳಕ್ಕ ಪೇಪರ್ ಓದಾಕ ಆಗಂಗಿಲ್ಲ ಅಂತ ಮಾವಾರೇ ಬಂದ್ ಮಾಡ್ಸಿದ್ರಿ" ಅಂದಳು. ಈ ಒಂದರಲ್ಲಿ ನನ್ನ ಪಾಲೂ ಸ್ವಲ್ಪ ಇದೆ ಎಂದು ಒಪ್ಪುತ್ತೇನೆ.

ಮುಂದಿನ ಪ್ರಶ್ನೆ, ಬೆಚ್ಚಿಬಿದ್ದಿದ್ದಿರಾ. ಇಲ್ಲ ಎಂದು ಹೇಳಬೇಕು, ಅಷ್ಟರಲ್ಲಿ ಪಿಂಕಿ ನನ್ನ ಕುರ್ಚಿಯ ಹಿಂದೆ ಬಂದು ಅಂಗಿಯ ಚುಂಗು ಹಿಡಿದಳು. "ಮುತ್ಯಾ, ನಾ ನಿನ್ನ ಕಿವಿ ಹಿಂದ ಪೇಪರ್ ಚೀಲ ಒಡದಿದ್ದೆ. ಅದಕ್ಕ ನಿನ್ನ ತಲಿ ಒಳಗ ಒಡೀತೇನು?" ಅಂದಳು. ನೋಡು, ಒಂಬತ್ತು ವರ್ಷದ ಕೂಸು ಇಪ್ಪತ್ತೆರಡು ದಿನ ಇದನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. ಶಾಲೆಯಲ್ಲಿ ಡಬ್ಬಿ ಹಾಗೆಯೇ ವಾಪಸ್ ತರುತ್ತಿದ್ದದ್ದು ಇದಕ್ಕೇ. ಡಾಕ್ಟರಮ್ಮ ಕುರ್ಚಿಯಿಂದ ಎದ್ದು ಬಂದು ಅವಳ ಮುಂದೆ ಮಂಡಿಯೂರಿ ಕೂತು, ಅಲ್ಲಮ್ಮ, ನಿನ್ನಿಂದ ಆದದ್ದಲ್ಲ ಎಂದು ಮೂರು ಭಾಷೆಯಲ್ಲಿ ಹೇಳಿದರು. ನನಗೆ ಡಾಕ್ಟರಮ್ಮನ ಮೇಲೆ ಇದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು.

ಕಡೆಯದೊಂದು ಪ್ರಶ್ನೆ ಇತ್ತು. ಅದನ್ನು ಡಾಕ್ಟರಮ್ಮ ಓದಿದರು, ನನ್ನ ಮುಖ ನೋಡಿದರು, ಕೇಳದೆಯೇ 'ಇಲ್ಲ' ಎಂದು ಗುರುತು ಹಾಕಿದರು. ಅದೇನು ಎಂದೆ. "ಅದು ಬೇಡ ಬಿಡಿ ಅಂಕುಲ್‌ಗಾರು" ಅಂದರು. ಮಲ್ಲಣ್ಣ ಬಗ್ಗಿ ಓದಿದ. ಗಂಡ ಹೆಂಡತಿಯ ವಿಷಯವಂತೆ. ಅವನು ಅಲ್ಲಿಂದ ನಗಲು ಶುರು ಮಾಡಿದವನು ಲಿಂಗಂಪಲ್ಲಿ ದಾಟಿದರೂ ನಿಲ್ಲಿಸಲಿಲ್ಲ. ಉತ್ತರ ಏನೇ ಇರಲಿ, ಕೇಳುವುದು ಅವರ ಕರ್ತವ್ಯ. ಅರವತ್ನಾಲ್ಕು ವರ್ಷದ ಮನುಷ್ಯನನ್ನು ಒಂದು ಮಾತು ಕೇಳಿ ಆಮೇಲೆ ಗುರುತು ಹಾಕಬಹುದಿತ್ತು. ನೀನೇ ಹೇಳು.

ಎಲ್ಲ ಮುಗಿದ ಮೇಲೆ ನಾನು ಕೇಳಿದೆ, ಇವರಲ್ಲಿ ಯಾರು ಅಪರಾಧಿ ಎಂದು. ಡಾಕ್ಟರಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಇವೆಲ್ಲ ಬಿಪಿಯನ್ನು ಸ್ವಲ್ಪ ಹೊತ್ತು ಏರಿಸಿ ಇಳಿಸುವ ಸಂಗತಿಗಳು. ಗಟ್ಟಿ ನರಕ್ಕೆ ಇವುಗಳಿಂದ ಹೆಚ್ಚೇನೂ ಆಗುವುದಿಲ್ಲ. ವರ್ಷಗಟ್ಟಲೆ ಬಿಪಿಯಿಂದ ಸವೆದ ನರಕ್ಕೆ ಆ ಸ್ವಲ್ಪ ಹೊತ್ತೇ ಸಾಕಾಗಬಹುದು. ಯಾವುದರಿಂದ ಆಯಿತು ಎಂದು ಯಾರೂ ಬೊಟ್ಟು ಮಾಡಿ ತೋರಿಸಲಾರರು. ಆಮೇಲೆ, "ಬಿಪಿ ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದಿರಲ್ಲ?" ಎಂದು ಕೇಳಿದರು. ದಿನಾ ಬೆಳಿಗ್ಗೆ ನನ್ನ ಹೆಂಡತಿಯೇ ಕೈಯಲ್ಲಿ ಇಡುತ್ತಿದ್ದಳು ಎಂದು ಹೇಳಿದೆ.

ಆದ್ದರಿಂದ ತಿಳಿದುಕೊ. ಅಪರಾಧಿಗಳು ಒಟ್ಟು ಐದು ಮಂದಿ, ನೀನು ಅವರಲ್ಲಿ ಒಬ್ಬಳು. ಉಳಿದ ನಾಲ್ವರಲ್ಲಿ ಮೂವರು ಇದೇ ಮನೆಯಲ್ಲಿ, ಒಬ್ಬ ಕೆಳಗಿನ ಮನೆಯಲ್ಲಿ, ನನ್ನ ಕಣ್ಣ ಮುಂದೆಯೇ ಓಡಾಡಿಕೊಂಡು ಇದ್ದಾರೆ. ನಿನಗೊಬ್ಬಳಿಗೆ ಏಕೆ ಗಡೀಪಾರು? ಬೇಗ ಬಾ.

ಶಿವಾನಂದನಿಗೂ ಅವನ ಮಕ್ಕಳಿಗೂ ಆಶೀರ್ವಾದ.

ಇತಿ,
ಅಮೃತಪ್ಪ

ತಾ.ಕ.: ಎದುರು ಮನೆಯವರು ಮೊನ್ನೆ ಒಂದು ಬಟ್ಟಲು ಗೋಂಗೂರ ಪಚ್ಚಡಿ ಕಳಿಸಿದ್ದರು. ಶೀತಲ ಉಪ್ಪು ಹೆಚ್ಚೆಂದು ಒಂದು ಚಮಚ ಮಾತ್ರ ಕೊಟ್ಟಳು. ಅಂಥಾದ್ದೇನೂ ಇಲ್ಲ ಅದರಲ್ಲಿ.


ರಾಮಚಂದ್ರಾಪುರ, ಹೈದರಾಬಾದ್
೧೮ ಜುಲೈ ೨೦೨೫, ಶುಕ್ರವಾರ

ಬಸವಕಿರಣನ ಅವ್ವನಿಗೆ,

ಆಶೀರ್ವಾದಗಳು. ನೀನು ಕಾಗದಕ್ಕೆ ಕಾಗದ ಬರೆಯುತ್ತೀ ಎಂದು ದಾರಿ ಕಾದೆ. ನೀನು ಶಿವಾನಂದನ ಕೈಯಲ್ಲಿ ಜೋಳದ ರೊಟ್ಟಿಯ ಗಂಟು, ಅದಕ್ಕೆ ಹಚ್ಚಿಕೊಳ್ಳಲು ಒಂದು ಡಬ್ಬಿ ಶೇಂಗಾ ಹಿಂಡಿ ಕಳಿಸಿದೆ. ಹಿಂಡಿಯಲ್ಲಿ ಒಂದು ಹರಳು ಉಪ್ಪಿಲ್ಲ. ಅಷ್ಟು ದೂರದಿಂದಲೂ ನನ್ನ ಮೇಲೆ ಕಣ್ಣಿಟ್ಟಿದ್ದೀ ಎಂದು ಉಪ್ಪಿಲ್ಲದ್ದನ್ನೇ ಸಂತೋಷದಿಂದ ತಿಂದೆ.

ಚೀಟಿ ಇದೆಯೇ ಎಂದು ಡಬ್ಬಿಯ ತಳದವರೆಗೆ ನೋಡಿದೆ. ಇರಲಿಲ್ಲ. ಬಾಯಿಮಾತು ಮಾತ್ರ ಇತ್ತು, ಅದನ್ನು ನಿನ್ನ ತಮ್ಮ ನನ್ನ ಮುಂದೆ ನಿಂತು ಒಪ್ಪಿಸಿದ. "ಅಕ್ಕ ಹೇಳ್ಯಾಳ್ರಿ ಮಾಮಾ. ನಿಮ್ಮ ಬಿಪಿ ಒಂದು ವಾರ ನೂರಾ ಮೂವತ್ತರ ಕೆಳಗ ಇರಲಿ, ಆಮ್ಯಾಲ ವಿಚಾರ ಮಾಡ್ತೀನಿ ಅಂತ." ಬರುತ್ತೇನೆ ಅಂದಿಲ್ಲ, ವಿಚಾರ ಮಾಡುತ್ತೇನೆ ಅಂದಿದ್ದೀ. ಅದನ್ನು ನಾನು ಗಮನಿಸಿದ್ದೇನೆ.

ಅಂದಿನಿಂದ ಈ ಮನೆ ನೂರಾ ಮೂವತ್ತರ ಹಿಂದೆ ಬಿದ್ದಿದೆ. ಬಿಪಿ ನೋಡುವ ಯಂತ್ರ ದಿನಕ್ಕೆ ಮೂರು ಸಲ ನನ್ನ ತೋಳು ಹಿಚುಕುತ್ತದೆ. ಪಿಂಕಿ ತನ್ನ ಗಣಿತದ ಹಾಳೆಯಲ್ಲಿ ಬರೆದಿಡುತ್ತಾಳೆ. ಟಿವಿಯಲ್ಲಿ ಸುದ್ದಿ ಬಂದ್, ಬೆಕ್ಕು ಇಲಿ ಓಡುವ ಕಾರ್ಟೂನ್ ಮಾತ್ರ. ಅದರಲ್ಲೂ ಇಲಿ ಬಾಂಬ್ ಇಡುವಾಗ ಶೀತಲ ಬಂದು ದನಿ ಕಡಿಮೆ ಮಾಡಿ ಹೋಗುತ್ತಾಳೆ. ಬಾಗಿಲ ಗಂಟೆಯ ತಂತಿ ಕಿತ್ತು ಹಾಕಿದ್ದಾರೆ. ಬಂದವರು ಕೆಮ್ಮಬೇಕು. ಮೆಣಸಿನಕಾಯಿ ಒಗ್ಗರಣೆಯನ್ನು ಮಲ್ಲಣ್ಣನ ಮನೆಯಲ್ಲಿ ಹಾಕಿಸಿ, ಮುಚ್ಚಳ ಮುಚ್ಚಿ ಮೇಲೆ ತರುತ್ತಾರೆ. ಮಲ್ಲಣ್ಣನಿಗೆ ನನ್ನ ಜೊತೆ ಮಾತಾಡಲು ಅನುಮತಿ ಇರುವುದು ಮಳೆಯ ಬಗ್ಗೆ ಮಾತ್ರ. ಅವನು ದಿನಾ ಬಂದು, "ಇವತ್ತ ಮೋಡ ಐತಿ ನೋಡು" ಎಂದು ಹೇಳಿ ಅರ್ಧ ತಾಸು ಸುಮ್ಮನೆ ಕೂತು ಹೋಗುತ್ತಾನೆ.

ಇದನ್ನೆಲ್ಲ ತಡೆದುಕೊಳ್ಳಬಹುದು. ತಡೆದುಕೊಳ್ಳಲಾಗದ್ದು ಬೇರೆ ಇದೆ. ಈ ಮನೆಯಲ್ಲಿ ಈಗ ಯಾರೂ ನನ್ನ ಮಾತಿಗೆ ಎದುರು ಹೇಳುವುದಿಲ್ಲ. ಪರೀಕ್ಷೆ ಮಾಡೋಣ ಎಂದು ಮೊನ್ನೆ ಶೀತಲಳಿಗೆ ಹೇಳಿದೆ, ನಿಮ್ಮ ಮರಾಠಿಯವರ ಕಡಲೆಹಿಟ್ಟಿನ ಪಿಠಲೆಗಿಂತ ನಮ್ಮ ಝುಣಕ ಎಷ್ಟೋ ಮೇಲು ಎಂದು. "ಹೌದ್ರಿ ಮಾವಾರ" ಅಂದಳು. ಬೇಸಿಗೆಯಲ್ಲಿ ಇದೇ ಮಾತಿಗೆ ಒಂದು ವಾರ ನನ್ನೊಡನೆ ಮಾತು ಬಿಟ್ಟವಳು. ಕಿರಣನಿಗೆ, ನೀನು ಆ ಏರ್‌ಪೋರ್ಟ್ ಕೆಲಸ ಬಿಟ್ಟು ಎಮ್ಮೆ ಸಾಕು ಎಂದೆ. "ವಿಚಾರ ಮಾಡೋಣ್ರಿ ಅಪ್ಪಾ" ಅಂದ. ಬೆಳಗಿನಿಂದ ರಾತ್ರಿವರೆಗೆ ಹೌದು, ಹೌದು, ಹೌದು. ಒಬ್ಬ ಮನುಷ್ಯ ಎಷ್ಟು ಹೊತ್ತು ಹೀಗೆ ಸರಿಯಾಗಿ ಇರಲು ಸಾಧ್ಯ? ಒಂದು ದಿನ ಯಾರೂ ಏನೂ ಅನ್ನದೆ, ಕಾಫಿ ಇಲ್ಲದೆ, ಸೀನು ಇಲ್ಲದೆ, ಸುಮ್ಮನೆ ಕೂತವನ ಬಿಪಿ ನೂರಾ ಅರವತ್ತಕ್ಕೆ ಹೋಯಿತು. ಕಿರಣ ಗಾಬರಿಯಾಗಿ ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿ ನಾನು ಒಂದು ಸತ್ಯ ಹೇಳಬೇಕಾಯಿತು. ನಿನಗೂ ಹೇಳುತ್ತೇನೆ, ಕೂತು ಓದು.

ಹೋಳಿ ಹುಣ್ಣಿಮೆಯಿಂದ ನಾನು ಬಿಪಿ ಗುಳಿಗೆ ನುಂಗುತ್ತಿರಲಿಲ್ಲ. ಕಾಲು ಸ್ವಲ್ಪ ಬಾತಿತ್ತು. ಗುಳಿಗೆಯಿಂದಲೇ ಹಾಗಾಗುತ್ತದೆ, ಒಮ್ಮೆ ಶುರು ಮಾಡಿದರೆ ಸಾಯುವತನಕ ಬಿಡುವುದಿಲ್ಲ ಎಂದು ಪಾರ್ಕಿನಲ್ಲಿ ಒಬ್ಬರು ಹೇಳಿದರು. ಡಾಕ್ಟರನ್ನು ಕೇಳುವ ಬದಲು ನಾನೇ ತೀರ್ಮಾನ ಮಾಡಿದೆ. ನೀನು ದಿನಾ ಗುಳಿಗೆ ಕೈಯಲ್ಲಿ ಇಟ್ಟು, ನೀರು ಕೊಟ್ಟು, ನುಂಗುವುದನ್ನು ನಿಂತು ನೋಡುತ್ತಿದ್ದೆ. ನಾನು ನಾಲಿಗೆಯ ಕೆಳಗೆ ಇಟ್ಟುಕೊಂಡು ಬಾಲ್ಕನಿಗೆ ಹೋಗಿ ದಾಸವಾಳದ ಕುಂಡದಲ್ಲಿ ಉಗುಳುತ್ತಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಶುರು ಮಾಡಿದ್ದೆ, ಕಾಲು ಮತ್ತೆ ಬಾತ ಕೂಡಲೇ ಮತ್ತೆ ಕುಂಡಕ್ಕೆ ಹಾಕಿದೆ. ಹತ್ತು ದಿನ.

ಇದನ್ನು ಕೇಳಿ ಡಾಕ್ಟರಮ್ಮ ಪೆನ್ನು ಮೇಜಿನ ಮೇಲೆ ಇಟ್ಟರು. ಅಷ್ಟು ದಿನ ಅಂಕುಲ್‌ಗಾರು ಎನ್ನುತ್ತಿದ್ದವರು 'ಗಾರು' ಎಂಬ ಮರ್ಯಾದೆ ಬಿಟ್ಟು ಬರೀ 'ಅಂಕುಲ್' ಅಂದರು. ಕಾಲು ಬಾತರೆ ಗುಳಿಗೆ ಬದಲಿಸಲು ಬರುತ್ತದೆ, ಒಂದು ಮಾತು ಕೇಳಿದ್ದರೆ ಸಾಕಿತ್ತು ಅಂದರು. ಆ ಒಂದು ತಾಸಿನ ಕಾಫಿ, ಸೀನು, ಸಿಟ್ಟು ಹುಡುಕುತ್ತ ಕೂತಿದ್ದೀರಿ, ಮೂರು ತಿಂಗಳ ಗುಳಿಗೆಯ ವಿಷಯ ಬಚ್ಚಿಟ್ಟಿರಿ ಅಂದರು. ಕಿರಣ ಮನೆಗೆ ಬಂದು ಬಾಗಿಲು ಹಾಕಿ, ಮೊದಲ ಸಲ ನನಗೆ ಬೈದ. ಹದಿನೈದು ನಿಮಿಷ ಬೈದ. ಶೀತಲ ಅವನನ್ನು ತಡೆಯಲಿಲ್ಲ, ತಾನೂ ಎರಡು ಮಾತು ಸೇರಿಸಿದಳು, ಅದರಲ್ಲಿ ಪಿಠಲೆಯ ಮಾತೂ ಬಂತು. ಆಮೇಲೆ ಪಿಂಕಿ ಯಂತ್ರ ತಂದು ಹಾಕಿದರೆ ಬಿಪಿ ಏರಿರಲಿಲ್ಲ, ಎರಡು ಅಂಕಿ ಇಳಿದಿತ್ತು.

ಹೊಸ ಗುಳಿಗೆ ಕೊಟ್ಟಿದ್ದಾರೆ. ನುಂಗುತ್ತಿದ್ದೇನೆ. ಪಿಂಕಿ ನನ್ನ ನಾಲಿಗೆ ಎತ್ತಿಸಿ ನೋಡಿ ಆಮೇಲೆ ಶಾಲೆಗೆ ಹೋಗುತ್ತಾಳೆ. ಇವತ್ತಿಗೆ ಏಳು ದಿನ, ಒಂದು ದಿನವೂ ನೂರಾ ಇಪ್ಪತ್ತೆಂಟು ದಾಟಿಲ್ಲ. ಅವಳು ಬರೆದ ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ, ನೀನೇ ನೋಡು. ಅಪರಾಧಿ ನೀನಲ್ಲ. ಮಲ್ಲಣ್ಣನಲ್ಲ, ಮಕ್ಕಳಲ್ಲ. ನೀನು ಕೈಯಲ್ಲಿ ಇಟ್ಟದ್ದನ್ನು ಕುಂಡಕ್ಕೆ ಉಗುಳಿದವನು ನಾನು. ಇಷ್ಟು ದಿನ ಐದು ಮಂದಿಯ ಹೆಸರು ಹೇಳಿ ನ್ಯಾಯ ಮಾಡುತ್ತ ಕೂತದ್ದಕ್ಕೆ ನಾಚಿಕೆಯಾಗುತ್ತದೆ.

ನಿನ್ನ ಷರತ್ತು ಪೂರ್ತಿಯಾಗಿದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಶಿವಾನಂದನ ಮನೆಯವರೆಲ್ಲರಿಗೂ ಆಶೀರ್ವಾದ.

ಇತಿ,
ಅಮೃತಪ್ಪ

ತಾ.ಕ.: ಮೇಲಿನದನ್ನು ಬರೆದು ಮಡಿಚಿ ಎರಡು ದಿನವಾಯಿತು. ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ಇನ್ನೊಂದು ಮಾತು ಉಳಿದಿದೆ.

ಆಸ್ಪತ್ರೆಯಲ್ಲಿ ಮೂರನೇ ದಿನ ನಾಲಿಗೆ ಹೊರಳಿದಾಗ ಡಾಕ್ಟರಮ್ಮ ನನ್ನ ಮಾತು ಪರೀಕ್ಷೆ ಮಾಡಿದರು. ಊರು ಕೇಳಿದರು, ಹೇಳಿದೆ. ಮಗ, ಸೊಸೆ, ಮೊಮ್ಮಗಳ ಹೆಸರು ಹೇಳಿದೆ. ನಿನ್ನ ಕಡೆ ಕೈ ತೋರಿಸಿ, ಇವರು ಯಾರು, ಹೆಸರೇನು ಅಂದರು. ನನ್ನ ಹೆಂಡತಿ ಎಂದೆ. ಹೆಸರು ಹೇಳಲಿಲ್ಲ. ಮೂರು ಸಲ ಕೇಳಿದರು. ಆಗ ನಾನು ನಕ್ಕು, "ನಮ್ಮಾಗ ಹೆಂಡ್ತಿ ಹೆಸರು ಹಿಡದು ಕರಿಯಾಂಗಿಲ್ರಿ ಡಾಕ್ಟರಮ್ಮ" ಅಂದೆ. ವಾರ್ಡಿನವರೆಲ್ಲ ನಕ್ಕರು. ನೀನೂ ಸೆರಗು ಬಾಯಿಗೆ ಹಿಡಿದು ನಕ್ಕೆ. ನಗುವ ಮುಂಚೆ ನಿನ್ನ ಮುಖ ಸಣ್ಣದಾದದ್ದನ್ನು ನಾನು ನೋಡಿದೆ. ಮದುವೆಯ ದಿನ ಹೆಂಗಸರು ಹೊಸ್ತಿಲಲ್ಲಿ ಅಡ್ಡ ನಿಂತು, ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳು ಎಂದಾಗ ಒಂದೇ ಒಂದು ಸಲ ನಿನ್ನ ಹೆಸರು ಹೇಳಿದವನು ನಾನು. ಸಾಯುವ ಹಾಸಿಗೆಯಲ್ಲೂ ಈ ಮನುಷ್ಯ ತನ್ನ ಹಟ ಬಿಡಲಿಲ್ಲ ಎಂದು ನೀನು ತಿಳಿದೆ. ನೀನು ಹುಮನಾಬಾದಿಗೆ ಹೋದದ್ದು ಕಾಗದದಲ್ಲಿ ಹಾಕಿದ ಆ ಸಿಟ್ಟಿನ ಗುರುತಿಗಲ್ಲ, ಇದಕ್ಕೆ. ನನಗೆ ಮೊದಲಿನಿಂದಲೂ ಗೊತ್ತು.

ಅದು ಹಟವಲ್ಲ. ಹೆಸರು ಬರಲಿಲ್ಲ. ಎಷ್ಟು ಹುಡುಕಿದರೂ ತಲೆಯಲ್ಲಿ ಇರಲಿಲ್ಲ. ಪಟಾನ್‌ಚೆರುವಿನ ಬಸ್ಸಿನ ನಂಬರು ಇತ್ತು, ನಿನ್ನ ಹೆಸರು ಇರಲಿಲ್ಲ. ಹೆದರಿಕೆಯಾಯಿತು, ಅದಕ್ಕೆ ನಕ್ಕೆ. ಮನೆಗೆ ಬಂದ ಮೇಲೆ ಯಾರಾದರೂ ಕರೆಯುತ್ತಾರೆ, ಕೇಳಿಕೊಳ್ಳೋಣ ಎಂದು ಕಿವಿಗೊಟ್ಟು ಕೂತೆ. ಒಬ್ಬರು ಅವ್ವ ಅನ್ನುತ್ತಾರೆ, ಒಬ್ಬರು ಅತ್ತೆ, ಒಬ್ಬರು ಆಯಿ. ನಿನ್ನ ತಮ್ಮ ಬಂದವನು ಅಕ್ಕ ಅಂದ. ಈ ಮನೆಯಲ್ಲಿ ನಿನ್ನ ಹೆಸರು ಹಿಡಿಯುವವರು ಒಬ್ಬರೂ ಇಲ್ಲ ಎಂದು ನನಗೆ ಅವತ್ತು ಗೊತ್ತಾಯಿತು. ನೀನು ಚೀಲ ಹಿಡಿದು ಕೆಳಗೆ ಕಾರು ಹತ್ತುವಾಗ ಬಾಲ್ಕನಿಯಲ್ಲಿ ನಿಂತು ಕರೆಯಬೇಕೆಂದು ಬಾಯಿ ತೆರೆದೆ. "ಏ" ಎಂದು ಮಾತ್ರ ಬಂತು. ಬೀದಿಯಲ್ಲಿ ಹೋಗುತ್ತಿದ್ದ ಮೂವರು ಹೆಂಗಸರು ತಲೆ ಎತ್ತಿ ನೋಡಿದರು, ನೀನು ನೋಡಲಿಲ್ಲ.

ಅವತ್ತು ಸಂಜೆ ಕಪಾಟಿನಲ್ಲಿ ಗ್ಯಾಸಿನ ಪುಸ್ತಕ ಸಿಕ್ಕಿತು. ಅದು ನಿನ್ನ ಹೆಸರಿನಲ್ಲಿದೆ. ಅದನ್ನು ನೋಡಿ ಓದಿಕೊಂಡೆ. ಅಂದಿನಿಂದ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟು, ಯಾರಿಗೂ ಕೇಳಿಸದ ಹಾಗೆ ದಿನಾ ಹೇಳುತ್ತೇನೆ. ಬೆಳಿಗ್ಗೆ ಈಗ ಒಂದೇ ಸಲಕ್ಕೆ ಬರುತ್ತದೆ. ಸಂಜೆ ದಣಿದಾಗ ಎರಡು ಮೂರು ಸಲ ತಡವರಿಸುತ್ತೇನೆ. ಮತ್ತೆ ಹೋಗಲಾರದು ಎಂದು ಡಾಕ್ಟರಮ್ಮನೂ ಖಾತ್ರಿ ಕೊಡಲಿಲ್ಲ. ಹೋದರೆ ಕೂಗಲು ನನಗೆ ಏನೂ ಉಳಿಯುವುದಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರು.

ಶಿವಗಂಗಾ, ಮನೆಗೆ ಬಾ.